ಚಪ್ಪಾಳೆ ತಟ್ಟುವವರಿದ್ದಾರೆ, ಜತೆಗೆ ಆಡುವವರು ಬೇಕು

ಲಂಡನ್‌ನಲ್ಲಿ 2012ರಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಸಿಕ್ಕಿದ್ದು ಒಂದೇ ಪದಕ. ಅದನ್ನು ತಂದವರು ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ, ಎತ್ತರ ಜಿಗಿತದಲ್ಲಿ ಅವರು ಬೆಳ್ಳಿ ಗೆದ್ದರು. ನಾಲ್ಕು ವರ್ಷಗಳ ನಂತರ ರಿಯೊದಲ್ಲಿ ಪದಕಗಳ ಸಂಖ್ಯೆ 4ಕ್ಕೆ ಏರಿತು. ಟೋಕಿಯೊದಲ್ಲಿ ಅದು 19 ಆಯಿತು. 2024ರಲ್ಲಿ ಪ್ಯಾರಿಸ್‌ನಿಂದ ನಮ್ಮ ಕ್ರೀಡಾಪಟುಗಳು 7 ಚಿನ್ನವೂ ಸೇರಿ 29 ಪದಕಗಳೊಂದಿಗೆ ಮರಳಿದರು. ಹಾಸನದಲ್ಲೇ ಹುಟ್ಟಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾಗಿರುವ ಸುಹಾಸ್ ಯತಿರಾಜ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಹನ್ನೆರಡೇ ವರ್ಷಗಳಲ್ಲಿ ಆದ ಈ ಏರಿಕೆ ಹೆಮ್ಮೆಪಡಬೇಕಾದದ್ದು. ಆದರೆ ಪದಕ ಪಟ್ಟಿ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ: ಅತ್ಯುತ್ತಮರನ್ನು ಗುರುತಿಸಿ ತರಬೇತಿ ಕೊಡುವುದನ್ನು ದೇಶ ಎಷ್ಟರಮಟ್ಟಿಗೆ ಕಲಿತಿದೆ ಎಂಬುದಕ್ಕೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ. ಇವರಲ್ಲಿ ಎಷ್ಟು ಮಂದಿ ಈ ಸಂಜೆ ತಮ್ಮ ಊರಿನ ಮೈದಾನಕ್ಕೆ ಇಳಿದು ನೆರೆಹೊರೆಯವರ ಜತೆ ಆಡುತ್ತಾರೆ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿಲ್ಲ.

ಅಂಗವಿಕಲರನ್ನು ಸಮಾಜದ ಒಳಕ್ಕೆ ತರುವ ಶಕ್ತಿ ಕ್ರೀಡೆಗೆ ಇದೆ ಎಂಬ ಮಾತು ಪ್ರತಿ ಸಮಾರಂಭದಲ್ಲೂ ಕೇಳಿಬರುತ್ತದೆ. ಆ ಮಾತು ನಿಜ. ಆದರೆ ಆ ಶಕ್ತಿ ಆಟದಲ್ಲಿ ತಾನಾಗಿಯೇ ಇಲ್ಲ. ಆಟವನ್ನು ಯಾರು ಯಾರ ಜತೆ, ಯಾವ ಷರತ್ತಿನ ಮೇಲೆ, ಎಷ್ಟು ಕಾಲ ಆಡುತ್ತಾರೆ ಎಂಬುದರಲ್ಲಿದೆ. ಅಂಗವಿಕಲರು ಅಂಗವಿಕಲರ ಜತೆ ಮಾತ್ರ ಆಡಿ, ಉಳಿದವರು ಗ್ಯಾಲರಿಯಲ್ಲಿ ಕುಳಿತು ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಆಡಿದವರ ಆರೋಗ್ಯ, ಆತ್ಮವಿಶ್ವಾಸ ಹೆಚ್ಚಬಹುದು; ಗ್ಯಾಲರಿಗೂ ಮೈದಾನಕ್ಕೂ ನಡುವಿನ ಬೇಲಿ ಹಾಗೆಯೇ ಉಳಿಯುತ್ತದೆ. ಆ ಬೇಲಿ ಮುರಿಯಬೇಕಾದವರು ಸ್ವಯಂಸೇವಕರು. ದುರದೃಷ್ಟವೆಂದರೆ ನಾವು ಸ್ವಯಂಸೇವಕರನ್ನು ಕರೆಯುವುದು ಊಟ ಬಡಿಸಲು, ಸಾಲು ನಿಲ್ಲಿಸಲು, ಗಾಲಿಕುರ್ಚಿ ತಳ್ಳಲು, ಪ್ರಮಾಣಪತ್ರದ ತಟ್ಟೆ ಹಿಡಿಯಲು. ಅವರು ಸೇವೆ ಮಾಡುವವರಾಗಿ ಬರುತ್ತಾರೆ, ಸೇವೆ ಮಾಡಿದವರಾಗಿ ಹೋಗುತ್ತಾರೆ. ನಮಗೆ ಈಗ ಬೇಕಿರುವುದು ಸೇವೆಗಿಂತ ಹೆಚ್ಚಾಗಿ ಜೊತೆ. ಸ್ವಯಂಸೇವಕ ಅದೇ ತಂಡದ ಆಟಗಾರನಾಗಿ, ನಿಯಮಕ್ಕೆ ಒಳಪಟ್ಟ ಸಂಗಾತಿಯಾಗಿ, ವಾರವಾರವೂ ಬರುವವನಾಗಿ ಬದಲಾಗಬೇಕು.

ಈ ಜೊತೆ ಹೇಗಿರಬೇಕು ಎಂಬುದನ್ನು ಹುಡುಕಲು ದೂರ ಹೋಗಬೇಕಿಲ್ಲ. ಪ್ಯಾರಾ ಕ್ರೀಡೆಗಳ ನಿಯಮ ಪುಸ್ತಕದಲ್ಲೇ ಅದು ಇದೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರು 2018ರ ಜಕಾರ್ತ, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳೆರಡರಲ್ಲೂ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದು, ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಪೂರ್ಣ ದೃಷ್ಟಿದೋಷ ಇರುವವರ ಟಿ11 ವಿಭಾಗ ಅವರದು. ಈ ವಿಭಾಗದಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಗೈಡ್ ಓಟಗಾರನ ಜತೆ ಒಂದು ಚಿಕ್ಕ ದಾರ ಹಿಡಿದು ಓಡಬೇಕು. ರಕ್ಷಿತಾ ಅವರ ಗೈಡ್ ಆಗಿ ಓಡುತ್ತ ಬಂದವರು ರಾಹುಲ್ ಬಾಲಕೃಷ್ಣ. ಗೈಡ್ ತಿರುವು ಬಂತೆಂದು ಹೇಳಬಹುದು, ಎದುರಾಳಿ ಎಷ್ಟು ಹಿಂದಿದ್ದಾರೆ ಎಂದು ತಿಳಿಸಬಹುದು. ಆದರೆ ಓಟಗಾರ್ತಿಯನ್ನು ಎಳೆಯುವಂತಿಲ್ಲ, ದೂಡುವಂತಿಲ್ಲ, ಗೆರೆಯನ್ನು ಅವರಿಗಿಂತ ಮೊದಲು ದಾಟುವಂತಿಲ್ಲ. ದಾಟಿದರೆ ಇಬ್ಬರೂ ಅನರ್ಹ. ಹಾಗೆಂದು ಗೈಡ್ ಆಗುವುದು ಸುಲಭದ ಕೆಲಸವಲ್ಲ. ಓಟಗಾರ್ತಿಗಿಂತ ಹೆಚ್ಚು ವೇಗವಾಗಿ ಓಡುವ ಸಾಮರ್ಥ್ಯ ಅವರಲ್ಲಿರಬೇಕು, ಆದರೆ ಆ ಸಾಮರ್ಥ್ಯವನ್ನು ಓಟಗಾರ್ತಿಯ ಹೆಜ್ಜೆಗೆ, ಉಸಿರಿಗೆ ಹೊಂದಿಸಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಸಹಾಯ ಎಲ್ಲಿಯವರೆಗೆ, ಎಲ್ಲಿಂದಾಚೆಗೆ ಅದು ಕಸಿದುಕೊಳ್ಳುವಿಕೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಗೆರೆಯನ್ನು ನಮ್ಮ ಶಾಲೆಗಳು, ಕಚೇರಿಗಳು, ಮನೆಗಳು ಕೂಡ ಎಳೆದುಕೊಂಡಿಲ್ಲ.

ತೀವ್ರ ದೈಹಿಕ ಅಂಗವೈಕಲ್ಯ ಇರುವವರು ಆಡುವ ಬೋಚಿಯಾದಲ್ಲಿ ಈ ಗೆರೆ ಇನ್ನೂ ಕಟ್ಟುನಿಟ್ಟು. ಕೈಯಿಂದ ಚೆಂಡು ಎಸೆಯಲಾಗದ ಆಟಗಾರ ಒಂದು ಇಳಿಜಾರು ಸಾಧನದ ಮೇಲಿಂದ ಚೆಂಡು ಉರುಳಿಸುತ್ತಾನೆ. ಸಾಧನವನ್ನು ಆಚೀಚೆ ಸರಿಸಲು ಸಹಾಯಕ ಇರುತ್ತಾನೆ. ಆದರೆ ಆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು. ಆಟ ಎತ್ತ ಸಾಗಿದೆ ಎಂದು ತಿರುಗಿ ನೋಡುವಂತಿಲ್ಲ. ಎಷ್ಟು ಎತ್ತರ, ಯಾವ ಕೋನ, ಯಾವ ಗುರಿ ಎಂಬ ತೀರ್ಮಾನವೆಲ್ಲ ಆಟಗಾರನದೇ. ಕೈ ಸಹಾಯಕನದು, ಬುದ್ಧಿ ಆಟಗಾರನದು. ಅಂಧರ ಕ್ರಿಕೆಟ್ಟಿನಲ್ಲೂ ಇಂಥದೇ ಸೂಕ್ಷ್ಮವಾದ ನ್ಯಾಯವಿದೆ. ಸದ್ದು ಮಾಡುವ ಚೆಂಡನ್ನು ಬೌಲರ್ ನೆಲಮಟ್ಟದಲ್ಲಿ ಎಸೆಯುತ್ತಾನೆ. ಎಸೆಯುವ ಮೊದಲು ಬ್ಯಾಟ್ಸ್‌ಮನ್ ಸಿದ್ಧನೇ ಎಂದು ಕೇಳಿ ಉತ್ತರ ಬಂದ ಮೇಲೆಯೇ ಎಸೆಯಬೇಕು. ಹನ್ನೊಂದು ಮಂದಿಯಲ್ಲಿ ಪೂರ್ಣ ಅಂಧರು ಕನಿಷ್ಠ ನಾಲ್ವರು ಇರಲೇಬೇಕು, ಅವರು ಹೊಡೆದ ಒಂದೊಂದು ರನ್ನೂ ಎರಡಾಗಿ ಲೆಕ್ಕವಾಗುತ್ತದೆ. ಯಾರನ್ನೂ ಕನಿಕರದಿಂದ ತಂಡಕ್ಕೆ ಸೇರಿಸಿಕೊಂಡಿಲ್ಲ. ಪ್ರತಿಯೊಬ್ಬರೂ ತಂಡಕ್ಕೆ ಬೇಕಾದವರಾಗುವಂತೆ ನಿಯಮವನ್ನೇ ಕಟ್ಟಲಾಗಿದೆ. ಜೊತೆ ಎಂಬುದು ಎರಡೂ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದಕ್ಕೆ ಪ್ಯಾರಿಸ್ ಮ್ಯಾರಥಾನ್ ಸಾಕ್ಷಿ. ಸ್ಪೇನ್‌ನ ದೃಷ್ಟಿದೋಷವುಳ್ಳ ಓಟಗಾರ್ತಿ ಎಲೆನಾ ಕೊಂಗೋಸ್ಟ್ ಮೂರನೆಯವರಾಗಿ ಗುರಿಯ ಹತ್ತಿರ ಬಂದಾಗ, ಸ್ನಾಯು ಸೆಳೆತದಿಂದ ಕುಸಿಯುತ್ತಿದ್ದ ತಮ್ಮ ಗೈಡ್‌ಗೆ ಆಸರೆ ಕೊಡಲು ಕ್ಷಣಕಾಲ ದಾರ ಬಿಟ್ಟರು. ನಿಯಮದಂತೆ ಅವರನ್ನು ಅನರ್ಹಗೊಳಿಸಲಾಯಿತು. ಆ ತೀರ್ಪು ಸರಿಯೇ ಎಂಬ ಚರ್ಚೆ ಬೇರೆ. ಅಲ್ಲಿ ಸಹಾಯ ಮಾಡಿದವರು ಯಾರು, ಪಡೆದವರು ಯಾರು ಎಂಬುದನ್ನು ನಾವು ಮರೆಯಬಾರದು.

ಒಟ್ಟಿಗೆ ಆಡಿದರೆ ಮನಸ್ಸು ಬದಲಾಗುತ್ತದೆ ಎಂಬುದು ಬರೀ ಸದಾಶಯವೇ? ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಒಂದು ವಾದ ಮುಂದಿಟ್ಟಿದ್ದರು: ಎರಡು ಗುಂಪಿನ ಜನ ಬರಿದೇ ಮುಖಾಮುಖಿಯಾದರೆ ಪೂರ್ವಗ್ರಹ ಕರಗುವುದಿಲ್ಲ; ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಆಗಿರಬೇಕು, ಅದನ್ನು ಮುಟ್ಟಲು ಪರಸ್ಪರ ಸಹಕಾರ ಬೇಕು, ಅದಕ್ಕೆ ಸಂಸ್ಥೆಗಳ, ಹಿರಿಯರ ಬೆಂಬಲ ಇರಬೇಕು. 2006ರಲ್ಲಿ ಥಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ ಇಂಥ 515 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಸಾಮಾನ್ಯವಾಗಿ ಇಳಿಯುತ್ತದೆಂದು ತೋರಿಸಿದರು. ಅಂಗವಿಕಲರ ಜತೆಗಿನ ಒಡನಾಟದ ಅಧ್ಯಯನಗಳೂ ಅವುಗಳಲ್ಲಿದ್ದವು. ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಪುರಾವೆ ಉತ್ತರ ಪ್ರದೇಶದ ಹಳ್ಳಿಗಳದು. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋವ್ ಅಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಒಳಗೊಂಡ ಅಧ್ಯಯನಕ್ಕಾಗಿ ಕ್ರಿಕೆಟ್ ಲೀಗ್‌ಗಳನ್ನು ನಡೆಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಬೆಳೆಯಿತು, ಸ್ವಜಾತಿ ಪಕ್ಷಪಾತ ಇಳಿಯಿತು, ಎದುರಾಳಿಗಳಾಗಿ ಮಾತ್ರ ಭೇಟಿಯಾದವರಲ್ಲಿ ಗೆಳೆತನದ ಬಯಕೆ ಕಡಿಮೆಯೇ ಆಯಿತು. ಜಾತಿಯೂ ಅಂಗವೈಕಲ್ಯವೂ ಒಂದೇ ಅಲ್ಲ, ನಿಜ. ಆದರೆ ಮೈದಾನದಲ್ಲಿ ಜನರನ್ನು ಹೇಗೆ ನಿಲ್ಲಿಸುತ್ತೇವೆ ಎಂಬುದೇ ಫಲವನ್ನು ನಿರ್ಧರಿಸುತ್ತದೆ ಎಂಬ ಪಾಠ ಎರಡಕ್ಕೂ ಸಲ್ಲುತ್ತದೆ.

ಈ ಅಳತೆಗೋಲಿನಿಂದ ನಮ್ಮ ಈಗಿನ ರೂಢಿಯನ್ನು ನೋಡಿದರೆ ಕೊರತೆ ಕಣ್ಣಿಗೆ ಕಟ್ಟುತ್ತದೆ. ಪ್ರತಿ ಡಿಸೆಂಬರ್ 3ರಂದು ವಿಶ್ವ ಅಂಗವಿಕಲರ ದಿನ ಬರುತ್ತದೆ. ಅದರ ಆಸುಪಾಸಿನಲ್ಲಿ ಜಿಲ್ಲಾ ಕೇಂದ್ರಗಳಲ್ಲಿ ಕ್ರೀಡಾಕೂಟ ನಡೆಯುತ್ತದೆ. ಕಾಲೇಜುಗಳಿಂದ ಸ್ವಯಂಸೇವಕರು ಬರುತ್ತಾರೆ. ಪೆಂಡಾಲು, ಭಾಷಣ, ಬಹುಮಾನ, ಫೋಟೊ ಎಲ್ಲ ಮುಗಿದು ಸಂಜೆಗೆ ಮೈದಾನ ಖಾಲಿಯಾಗುತ್ತದೆ. ಆ ವಿದ್ಯಾರ್ಥಿಗೂ ಆ ಸ್ಪರ್ಧಿಗೂ ಮತ್ತೆ ಭೇಟಿ ಮುಂದಿನ ವರ್ಷ, ಅದೂ ಆದರೆ ಆಯಿತು. ಇಲ್ಲಿ ಸಮಾನ ಸ್ಥಾನ ಇಲ್ಲ: ಒಬ್ಬ ಕೊಡುವವ, ಇನ್ನೊಬ್ಬ ಪಡೆಯುವವ. ಒಂದೇ ಗುರಿ ಇಲ್ಲ: ಒಬ್ಬನಿಗೆ ಗೆಲುವು ಬೇಕು, ಇನ್ನೊಬ್ಬನಿಗೆ ಹಾಜರಾತಿ. ಪರಸ್ಪರ ಸಹಕಾರ ಇಲ್ಲ, ಯಾಕೆಂದರೆ ಸಹಕಾರ ಬೆಳೆಯುವಷ್ಟು ಹೊತ್ತೇ ಅವರು ಜತೆಗಿರುವುದಿಲ್ಲ. ಆ ಯುವಕ ಯುವತಿಯರ ಒಳ್ಳೆಯ ಮನಸ್ಸನ್ನು ಇದಕ್ಕೆ ದೂರುವುದು ಅನ್ಯಾಯ. ಅವರಿಗೆ ಕೊಟ್ಟ ಕೆಲಸವೇ ಅಷ್ಟು. ಒಂದು ದಿನದ ಕಾರ್ಯಕ್ರಮಕ್ಕೆ ಒಂದು ದಿನದ ಸಂಬಂಧವನ್ನು ಮಾತ್ರ ಹುಟ್ಟಿಸಲು ಸಾಧ್ಯ.

ಶಾಲೆಯಲ್ಲಿ ಇದರ ಬೇರು ಇದೆ. ಆಟದ ಪೀರಿಯಡ್ಡಿಗೆ ಗಂಟೆ ಬಾರಿಸಿದಾಗ ಕಾಲಿಗೆ ಬಲವಿಲ್ಲದ, ಕಣ್ಣು ಮಂಜಾದ, ಬುದ್ಧಿ ನಿಧಾನವಾದ ಮಗುವಿಗೆ ಬಹಳ ಕಡೆ ಸಿಗುವ ಪಾತ್ರ ಉಳಿದವರ ಚೀಲ, ಚಪ್ಪಲಿ ಕಾಯುವುದು, ಇಲ್ಲವೇ ಸ್ಕೋರು ಬರೆಯುವುದು. ಬೀಳುತ್ತಾನೆ ಎಂಬ ಭಯ, ತಾಯ್ತಂದೆ ದೂರುತ್ತಾರೆ ಎಂಬ ಅಳುಕು, ಹೇಗೆ ಆಡಿಸಬೇಕೆಂದು ಯಾರೂ ಹೇಳಿಕೊಟ್ಟಿಲ್ಲದ ಅಸಹಾಯಕತೆ ದೈಹಿಕ ಶಿಕ್ಷಕರನ್ನು ಕಟ್ಟಿಹಾಕುತ್ತವೆ. ಆ ನಲವತ್ತು ನಿಮಿಷದಲ್ಲಿ ಒಂದು ಮಗು ತಾನು ಆಟಕ್ಕೆ ಬೇಡದವನು ಎಂದು ಕಲಿಯುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದನ್ನು ಉಳಿದ ಮಕ್ಕಳು ಕಲಿಯುತ್ತಾರೆ: ಅವನು ಇಲ್ಲದೆಯೂ ಆಟ ಪೂರ್ತಿಯೇ ಎಂದು. ಮುಂದೆ ಅವರೇ ಎಂಜಿನಿಯರುಗಳಾಗಿ ಇಳಿಜಾರು ಇಲ್ಲದ ಕಟ್ಟಡ ಕಟ್ಟುತ್ತಾರೆ, ಮ್ಯಾನೇಜರುಗಳಾಗಿ ಸಂದರ್ಶನದಲ್ಲಿ ಅರ್ಹತೆಯ ಬದಲು ಊರುಗೋಲು ನೋಡುತ್ತಾರೆ. ಹೆಣ್ಣುಮಕ್ಕಳಿಗೆ ಈ ಹೊರಗಿಡುವಿಕೆ ಇಮ್ಮಡಿ. ಊನವಿರುವ ಮಗಳನ್ನು ಮೈದಾನಕ್ಕೆ ಕಳಿಸಲು ಮನೆಯವರು ಹಿಂಜರಿಯುವುದಕ್ಕೆ ಸುರಕ್ಷತೆ, ಪ್ರಯಾಣ, ಜನರ ಮಾತು ಹೀಗೆ ಕಾರಣಗಳು ಹಲವು. 2025ರ ನವೆಂಬರ್‌ನಲ್ಲಿ ನಡೆದ ಅಂಧ ಮಹಿಳೆಯರ ಮೊತ್ತಮೊದಲ ಟಿ20 ವಿಶ್ವಕಪ್‌ನಲ್ಲಿ ಕರ್ನಾಟಕದ ದೀಪಿಕಾ ಟಿ.ಸಿ. ನಾಯಕತ್ವದ ಭಾರತ ತಂಡ ಕೊಲಂಬೊದ ಫೈನಲ್‌ನಲ್ಲಿ ನೇಪಾಳವನ್ನು 7 ವಿಕೆಟ್‌ಗಳಿಂದ ಸೋಲಿಸಿತು. ಮೈದಾನ ಸಿಕ್ಕರೆ ಹೆಣ್ಣುಮಕ್ಕಳು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಆದರೆ ತಾಲ್ಲೂಕು ಮಟ್ಟದಲ್ಲಿ ಜತೆಗೆ ಬಂದು ಜತೆಗೆ ಮನೆ ತಲುಪಿಸುವ ಮಹಿಳಾ ಸ್ವಯಂಸೇವಕರಿಲ್ಲದಿದ್ದರೆ ಇಂಥ ಆಟಗಾರ್ತಿಯರು ಹೊಸ್ತಿಲು ದಾಟುವುದೇ ಕಷ್ಟ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಆದ್ಯತೆಯದು. ಪಿಂಚಣಿ ಸರಿಯಾಗಿ ಬರುತ್ತಿಲ್ಲ, ಬಸ್ಸು ಹತ್ತಲಾಗುತ್ತಿಲ್ಲ, ಕೆಲಸ ಸಿಗುತ್ತಿಲ್ಲ, ಇಂಥ ಹೊತ್ತಿನಲ್ಲಿ ಆಟವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಆದರೆ ಉಳಿದ ಯಾರ ಮಕ್ಕಳಿಗೂ ನಾವು ಮೊದಲು ಉದ್ಯೋಗ, ಆಮೇಲೆ ಆಟ ಎಂಬ ಷರತ್ತು ಹಾಕುವುದಿಲ್ಲ. ಆಟ ಹಕ್ಕು ಎಂದು ಕಾನೂನೇ ಹೇಳುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯಲ್ಲಿ ಕ್ರೀಡೆ, ವಿರಾಮದಲ್ಲಿ ಸಮಾನವಾಗಿ ಪಾಲ್ಗೊಳ್ಳುವ ಮಾತಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡಾ ಸೌಲಭ್ಯಗಳ ಮರುವಿನ್ಯಾಸ, ಅನುದಾನ, ಕ್ರೀಡಾ ಪ್ರಾಧಿಕಾರಗಳ ಯೋಜನೆಗಳಲ್ಲಿ ಅಂಗವಿಕಲರನ್ನು ಒಳಗೊಳ್ಳುವುದು ಇವನ್ನೆಲ್ಲ ಸರ್ಕಾರದ ಕರ್ತವ್ಯವೆಂದು ಬರೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ದೈಹಿಕ ಚಟುವಟಿಕೆಯನ್ನು ಶಿಫಾರಸು ಮಾಡಿತು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬೇಡಿಕೆಗಳು ಹುಟ್ಟುವುದು ಜನ ಮನೆಯಿಂದ ಹೊರಬಂದು ಒಟ್ಟಾದಾಗ. ಗಾಲಿಕುರ್ಚಿಯಲ್ಲಿರುವ ಗೆಳೆಯನ ಜತೆ ವಾರವೂ ಮೈದಾನಕ್ಕೆ ಹೋಗುವ ಯುವಕನಿಗೆ ಬಸ್ಸಿನ ಎತ್ತರದ ಮೆಟ್ಟಿಲು ತನ್ನದೇ ತೊಂದರೆಯಾಗುತ್ತದೆ. ಅಂಗವಿಕಲರ ಅಹವಾಲು ಅಂಗವಿಕಲರದಷ್ಟೇ ಆಗಿ ಉಳಿದಿರುವವರೆಗೆ ಅದು ಕಡತದಲ್ಲೇ ಕೂರುತ್ತದೆ. ನೆರೆಯವರೂ ದನಿಗೂಡಿಸಿದಾಗ ಅದು ಊರಿನ ಅಹವಾಲಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಸ್ವಯಂಸೇವೆಯನ್ನು ಹೊಗಳುತ್ತ ಹೋದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ. ಈ ಭಯಕ್ಕೆ ಆಧಾರವಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಕೇಂದ್ರದ ನಿಯಮವೊಂದನ್ನು ಮೂಲ ಕಾಯ್ದೆಗೆ ವಿರುದ್ಧವೆಂದು ತಳ್ಳಿಹಾಕಿತು. ಸುಗಮ ಪ್ರವೇಶದ ಮಾನದಂಡಗಳು ಬರಿ ಸಲಹೆಯಾಗಿ ಉಳಿದಿದ್ದವು, ಅವು ಕಡ್ಡಾಯವಾಗಬೇಕು ಎಂದಿತು. ಕಾಯ್ದೆ ಬಂದು ಎಂಟು ವರ್ಷಗಳಾದ ಮೇಲೂ ನ್ಯಾಯಾಲಯ ಹೀಗೆ ಹೇಳಬೇಕಾಯಿತೆಂದರೆ ಸರ್ಕಾರವನ್ನು ಹಿಡಿದು ಕೇಳುವ ಕೆಲಸ ಇನ್ನೂ ಮುಗಿದಿಲ್ಲ. ಆದ್ದರಿಂದ ಯಾವುದು ಯಾರ ಹೊಣೆ ಎಂಬುದು ನಿಚ್ಚಳವಾಗಿರಬೇಕು. ಮೈದಾನದ ಇಳಿಜಾರು, ಬಳಸಲಾಗುವ ಶೌಚಾಲಯ, ಕ್ರೀಡಾ ಗಾಲಿಕುರ್ಚಿ, ಪ್ರಯಾಣ ಭತ್ಯೆ, ತರಬೇತುದಾರರ ಸಂಬಳ, ಉನ್ನತ ಮಟ್ಟದಲ್ಲಿ ಓಡುವ ಗೈಡ್‌ಗಳಿಗೆ ಗೌರವಧನ ಇವೆಲ್ಲ ಸರ್ಕಾರದ್ದು. ಇವನ್ನು ಸ್ವಯಂಸೇವಕರ ಹೆಗಲಿಗೆ ಹಾಕುವುದು ತಪ್ಪು. ಆದರೆ ಯಾವ ಸರ್ಕಾರವೂ ಆದೇಶ ಹೊರಡಿಸಿ ಗೆಳೆತನ ತರಲಾರದು. ಭಾನುವಾರ ಬೆಳಿಗ್ಗೆ ಕಬಡ್ಡಿ, ಕ್ರಿಕೆಟ್ ಆಡುವ ಹುಡುಗರ ಗುಂಪು ಇವತ್ತು ಅವನನ್ನೂ ಕರೆಯೋಣ ಎಂದುಕೊಳ್ಳುವುದು ಜನರಿಂದ ಮಾತ್ರ ಆಗುವ ಕೆಲಸ. ಒಂದು ಇನ್ನೊಂದರ ಬದಲಿಯಲ್ಲ. ಇಳಿಜಾರು ಇಲ್ಲದ ಮೈದಾನಕ್ಕೆ ಗೆಳೆಯ ಕರೆದರೂ ಬರಲಾಗದು; ಗೆಳೆಯನಿಲ್ಲದ ಮೈದಾನಕ್ಕೆ ಇಳಿಜಾರು ಇದ್ದರೂ ಬರುವ ಮನಸ್ಸಾಗದು.

ಮೂರನೆಯ ಆಕ್ಷೇಪ ಅಂಗವಿಕಲರ ಕಡೆಯಿಂದಲೇ ಬರುತ್ತದೆ, ಅದನ್ನು ಗೌರವದಿಂದ ಕೇಳಬೇಕು. ಎಲ್ಲರ ಜತೆ ಬೆರೆಸಿದರೆ ನಾವು ಮತ್ತೆ ಕೊನೆಯವರಾಗುತ್ತೇವೆ, ನಮ್ಮದೇ ಸ್ಪರ್ಧೆಯಲ್ಲಿ ನಮಗೆ ನಾಯಕತ್ವ ಸಿಗುತ್ತದೆ ಎಂಬುದು ಆ ವಾದ. ಚರಿತ್ರೆ ಇದಕ್ಕೆ ಬೆಂಬಲವಾಗಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ವೈದ್ಯ ಲುಡ್ವಿಗ್ ಗಟ್‌ಮನ್ 1948ರಲ್ಲಿ 16 ಮಂದಿ ಗಾಯಾಳು ಯೋಧರಿಗೆ ಬಿಲ್ಲುಗಾರಿಕೆ ಸ್ಪರ್ಧೆ ನಡೆಸುವುದಕ್ಕಿಂತ 24 ವರ್ಷ ಮೊದಲೇ, 1924ರಲ್ಲಿ, ಕಿವುಡರು ತಮ್ಮ ಅಂತರರಾಷ್ಟ್ರೀಯ ಕ್ರೀಡಾಕೂಟವನ್ನು ಪ್ಯಾರಿಸ್‌ನಲ್ಲಿ ತಾವೇ ನಡೆಸಿದ್ದರು. ಸಂಜ್ಞೆಯ ಭಾಷೆ, ತಮ್ಮದೇ ಬಳಗ, ತಮ್ಮದೇ ಆಡಳಿತ ಅಲ್ಲಿ ಬೆಳೆದವು. ಬೆಂಗಳೂರಿನ ಸಮರ್ಥನಂ ಸಂಸ್ಥೆಯ ನೆರಳಿನಲ್ಲಿ ಬೆಳೆದ ಅಂಧರ ಕ್ರಿಕೆಟ್ಟಿಗೂ ಇದೇ ಮಾತು ಸಲ್ಲುತ್ತದೆ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲೇ ಅಂಧರ ಮೊದಲ ಟಿ20 ವಿಶ್ವಕಪ್ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದ್ದರಿಂದ ಪ್ರತ್ಯೇಕ ಸ್ಪರ್ಧೆಗಳನ್ನು ಮುಚ್ಚಿ ಎಂದು ಯಾರೂ ಹೇಳಬಾರದು. ಅವು ಇರಲೇಬೇಕು, ಇನ್ನೂ ಹೆಚ್ಚಬೇಕು. ಆದರೆ ವರ್ಷದಲ್ಲಿ ಕೆಲವು ದಿನ ನಡೆಯುವ ಸ್ಪರ್ಧೆ ಬೇರೆ, ದಿನವೂ ಸಂಜೆ ನಡೆಯುವ ಆಟ ಬೇರೆ. ಎರಡನೆಯದಕ್ಕೆ 1968ರಲ್ಲಿ ಷಿಕಾಗೊದಲ್ಲಿ ಆರಂಭವಾದ ವಿಶೇಷ ಒಲಿಂಪಿಕ್ಸ್ ಚಳವಳಿ ಮುಂದೆ ಒಂದು ದಾರಿ ಕಂಡುಕೊಂಡಿತು: ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ಕೂಡು ಕ್ರೀಡೆ. ವಯಸ್ಸು, ಕೌಶಲದಲ್ಲಿ ಹೊಂದುವವರನ್ನು ಜತೆಗೂಡಿಸುವುದು, ಬಲವಾದವರೇ ಆಟವನ್ನು ಆಳದಂತೆ ನೋಡಿಕೊಳ್ಳುವುದು ಅದರ ಮೂಲಸೂತ್ರ. ಅಲ್ಲಿ ಸ್ವಯಂಸೇವಕ ಗೆರೆಯಾಚೆ ನಿಂತವನಲ್ಲ. ಅವನಿಗೂ ಅದೇ ಜೆರ್ಸಿ, ಅದೇ ಸೋಲು, ಅದೇ ಗೆಲುವು.

ನಾಲ್ಕನೆಯ ಆಕ್ಷೇಪ ಪುರಾವೆಯ ಮೇಲೆಯೇ ನಿಂತಿದೆ. ಮೈದಾನದ ಸ್ನೇಹ ಮೈದಾನದಾಚೆ ಹೋಗುವುದಿಲ್ಲ ಎಂಬುದಕ್ಕೂ ಅಧ್ಯಯನಗಳಿವೆ. ಇರಾಕ್‌ನಲ್ಲಿ ಸಾಲ್ಮಾ ಮೂಸಾ ಅವರು ಕ್ರೈಸ್ತ, ಮುಸ್ಲಿಂ ಆಟಗಾರರ ಮಿಶ್ರ ಫುಟ್‌ಬಾಲ್ ತಂಡಗಳನ್ನು ಕಟ್ಟಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಟದ ವಲಯದೊಳಗೆ ಸ್ನೇಹ, ಒಟ್ಟಿಗೆ ಅಭ್ಯಾಸ ಮಾಡುವ ರೂಢಿ ಬೆಳೆದು ತಿಂಗಳುಗಟ್ಟಲೆ ಉಳಿದವು. ಆದರೆ ಊರಿನ ಅಪರಿಚಿತರ ಕಡೆಗಿನ ನಡವಳಿಕೆ ಹೆಚ್ಚು ಬದಲಾಗಲಿಲ್ಲ. ಬ್ರಿಟನ್ನಿನ ಅನುಭವವೂ ಎಚ್ಚರಿಸುತ್ತದೆ. ಲಂಡನ್ 2012ಕ್ಕೆ 70,000 ಸ್ವಯಂಸೇವಕರು ದುಡಿದರು, ಪ್ಯಾರಾಲಿಂಪಿಕ್ಸ್‌ಗೆ 27 ಲಕ್ಷ ಟಿಕೆಟ್‌ಗಳು ಖರ್ಚಾದವು. ಮರುವರ್ಷ ಸ್ಕೋಪ್ ಎಂಬ ಅಲ್ಲಿನ ಸಂಸ್ಥೆ ಸಮೀಕ್ಷೆ ನಡೆಸಿದಾಗ ಅಂಗವಿಕಲರಲ್ಲಿ ಶೇ 81ರಷ್ಟು ಮಂದಿ ತಮ್ಮ ಕುರಿತ ಜನರ ಧೋರಣೆ ಸುಧಾರಿಸಿಲ್ಲ ಎಂದರು. ಈ ಎರಡೂ ಸಂಗತಿಗಳು ನನ್ನ ವಾದವನ್ನು ಕೆಡವುವುದಿಲ್ಲ, ಅದರ ಅಂಚುಗಳನ್ನು ಹರಿತಗೊಳಿಸುತ್ತವೆ. ದೊಡ್ಡ ಕ್ರೀಡಾಕೂಟ ಜನರನ್ನು ಬೆರಗುಗೊಳಿಸುತ್ತದೆ, ಬೆರಗು ಒಡನಾಟವಲ್ಲ. ಪದಕ ಗೆದ್ದವರನ್ನು ಅತಿಮಾನುಷರಂತೆ ಕೊಂಡಾಡಿದರೆ ಪದಕ ಗೆಲ್ಲದ ಲಕ್ಷಾಂತರ ಮಂದಿ ಛಲವಿಲ್ಲದವರು ಎಂಬ ಅರ್ಥ ತಾನಾಗಿ ಹೊರಡುತ್ತದೆ. ಸಾಮಾನ್ಯನಾಗಿ ಆಡುವ, ಕೆಟ್ಟದಾಗಿ ಆಡಿ ಬೈಸಿಕೊಳ್ಳುವ, ಮಾರನೆಯ ದಿನ ಮತ್ತೆ ಬರುವ ಸ್ವಾತಂತ್ರ್ಯ ಅಂಗವಿಕಲರಿಗೂ ಬೇಕು. ಸ್ನೇಹ ಮೈದಾನದ ಸುತ್ತಲಲ್ಲೇ ನಿಲ್ಲುತ್ತದೆ ಎನ್ನುವುದಾದರೆ, ಮೈದಾನವನ್ನು ಬೀದಿಗೆ, ಶಾಲೆಗೆ, ಊರಿಗೆ ಹತ್ತಿರ ತರುವುದೇ ಪರಿಹಾರ. ತಂಡದ ಜೊತೆಗಾರನೇ ಪಕ್ಕದ ಮನೆಯವನು, ಅಂಗಡಿಯವನು, ಬಸ್ ಕಂಡಕ್ಟರ್ ಆಗಿದ್ದರೆ ಸ್ನೇಹ ದಾಟಬೇಕಾದ ದೂರವೇ ಕಡಿಮೆ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಇಲಾಖೆ, ಹೊಸ ಯೋಜನೆಗೆ ಕಾಯಬೇಕಿಲ್ಲ; ಇರುವ ವ್ಯವಸ್ಥೆಯ ಗೂಟಗಳನ್ನು ಸರಿಯಾದ ಕಡೆ ನೆಟ್ಟರೆ ಸಾಕು. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್‌ಎಸ್‌ಎಸ್) ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ದುಡಿಯಬೇಕು. ಇದರಲ್ಲಿ ಅರ್ಧದಷ್ಟನ್ನು, ಬಯಸಿದ ವಿದ್ಯಾರ್ಥಿಗಳಿಗೆ, ಒಂದೇ ತಂಡದ ಜತೆ ವಾರಕ್ಕೆ ಎರಡು ಗಂಟೆಯಂತೆ ಆಡಲು ಮೀಸಲಿಟ್ಟರೆ ಮೂವತ್ತು ವಾರಗಳ ಒಡನಾಟ ಕೈಗೆ ಸಿಗುತ್ತದೆ. ಅದಕ್ಕೆ ಮೊದಲು ಎರಡು ದಿನದ ತರಬೇತಿ ಕಡ್ಡಾಯವಿರಲಿ: ಕೇಳದೆ ಗಾಲಿಕುರ್ಚಿ ಮುಟ್ಟಬಾರದು, ಅಂಧರ ಕೈ ಹಿಡಿದೆಳೆಯದೆ ತಮ್ಮ ತೋಳು ನೀಡಬೇಕು, ಕಿವುಡ ಗೆಳೆಯರ ಜತೆ ನಾಲ್ಕು ಮಾತಾದರೂ ಸಂಜ್ಞೆಯಲ್ಲಿ ಬರಬೇಕು, ಮಕ್ಕಳು, ಮಹಿಳೆಯರ ಸುರಕ್ಷತೆಯ ನಿಯಮ ಯಾರೂ ಮೀರಬಾರದು. ಶಾಲೆಗಳಲ್ಲಿ ಆಟದ ಪೀರಿಯಡ್ಡಿನಲ್ಲಿ ಯಾವ ಮಗುವೂ ಸುಮ್ಮನೆ ಕೂರಬಾರದೆಂಬ ಸರಳ ನಿಯಮ ಬರಲಿ. ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ದೈಹಿಕ ಶಿಕ್ಷಕರ ಜತೆ ಕೂತು ಕೊಕ್ಕೊ, ಥ್ರೋಬಾಲ್, ಲಗೋರಿಯ ನಿಯಮಗಳನ್ನು ತಮ್ಮ ಮಕ್ಕಳಿಗೆ ತಕ್ಕಂತೆ ತಿದ್ದಿಕೊಳ್ಳಲಿ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆಂದೇ ಶೇ 5ರ ಅನುದಾನವಿದೆ, ಮನೆಮನೆಯ ಪರಿಚಯವಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆ ಹಣದ ಒಂದು ಪಾಲು ಗೆಜ್ಜೆ ಚೆಂಡಿಗೆ, ಮೈದಾನದ ಸಮತಟ್ಟಾದ ದಾರಿಗೆ, ಆಟೊ ಬಾಡಿಗೆಗೆ ಹೋಗಲಿ. ವರ್ಷದ ಕೊನೆಗೆ ಇಲಾಖೆ ಎಷ್ಟು ಶಿಬಿರ ನಡೆಸಿದೆವು ಎಂದು ಲೆಕ್ಕ ಕೊಡುವ ಬದಲು, ಎಷ್ಟು ಮಿಶ್ರ ತಂಡಗಳು ಎಷ್ಟು ವಾರ ಬಿಡದೆ ಆಡಿದವು ಎಂದು ಹೇಳಲಿ.

ಈ ಎಲ್ಲಕ್ಕಿಂತ ಮಿಗಿಲಾದ ಬದಲಾವಣೆ ಇನ್ನೊಂದಿದೆ. ಸ್ವಯಂಸೇವಕ ಎಂದರೆ ಅಂಗವಿಕಲನಲ್ಲದವನು ಎಂಬ ನಮ್ಮ ಎಣಿಕೆಯೇ ತಪ್ಪು. ಬೆಂಗಳೂರಿನ ಮಾಲತಿ ಹೊಳ್ಳ ಅವರನ್ನು ನೋಡಿ. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಿಂದ ದಶಕಗಳ ಕಾಲ ದೇಶಕ್ಕಾಗಿ ಸ್ಪರ್ಧಿಸಿ, ಅರ್ಜುನ, ಪದ್ಮಶ್ರೀ ಪಡೆದ ಅವರು ಮಾತೃ ಪ್ರತಿಷ್ಠಾನ ಕಟ್ಟಿ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಕೊಡುವವರೂ ಪಡೆಯುವವರೂ ಬೇರೆ ಬೇರೆ ಜಾತಿಯ ಜನ ಎಂಬ ನಂಬಿಕೆಗೆ ಅವರ ಬದುಕು ಉತ್ತರ. ಊರಿನ ಕ್ರಿಕೆಟ್ ಟೂರ್ನಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತ ವ್ಯಕ್ತಿ ಸ್ಕೋರರ್ ಆಗುವುದಷ್ಟೇ ಅಲ್ಲ, ಅಂಪೈರ್ ಆಗಲಿ, ಕೋಚ್ ಆಗಲಿ, ಟೂರ್ನಿಯ ಸಂಘಟಕರಾಗಲಿ. ಮ್ಯಾರಥಾನ್‌ಗಳಲ್ಲಿ ನೀರು ಹಂಚುವ, ದಾರಿ ತೋರುವ ತಂಡದಲ್ಲಿ ಕಿವುಡ ಯುವಕರಿರಲಿ. ಎನ್‌ಎಸ್‌ಎಸ್ ಘಟಕದ ನಾಯಕಿ ಅಂಧ ವಿದ್ಯಾರ್ಥಿನಿಯಾಗಲಿ. ನೆರವು ಪಡೆಯುವುದು ಮಾತ್ರ ತನ್ನ ಪಾಲು ಎಂಬ ಸ್ಥಿತಿಯಲ್ಲಿರುವ ಮನುಷ್ಯ ಎಷ್ಟೇ ಗೌರವ ಸಿಕ್ಕರೂ ಅತಿಥಿಯಾಗಿಯೇ ಉಳಿಯುತ್ತಾನೆ. ತಾನೂ ಕೊಡುವವನಾದ ದಿನ ಅವನು ಆ ಮನೆಯವನಾಗುತ್ತಾನೆ.

ದೇಶ ಮುಂದಿನ ಪ್ಯಾರಾಲಿಂಪಿಕ್ಸ್‌ಗೆ ಸಿದ್ಧವಾಗುತ್ತಿದೆ. ಪದಕಗಳು ಇನ್ನೂ ಹೆಚ್ಚಲಿ, ಅದಕ್ಕಾಗಿ ದುಡಿಯುವವರಿಗೆ ಬೇಕಾದ ಹಣ, ಸೌಲಭ್ಯ ಸಿಗಲಿ. ಆದರೆ ಕರ್ನಾಟಕ ತನಗಾಗಿ ಇನ್ನೊಂದು ಗುರಿಯನ್ನೂ ಇಟ್ಟುಕೊಳ್ಳಬೇಕು: ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಪ್ರತಿ ನಗರ ವಾರ್ಡಿನಲ್ಲಿ, ಅಂಗವಿಕಲರೂ ಅಲ್ಲದವರೂ ಒಂದೇ ಜೆರ್ಸಿ ತೊಟ್ಟು ವಾರವಾರವೂ ಆಡುವ ಕನಿಷ್ಠ ಒಂದು ತಂಡ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಒಂದು ಆದೇಶ, ಒಂದಿಷ್ಟು ಅನುದಾನ, ಆಮೇಲೆ ಬೇಕಾದ್ದು ನಮ್ಮ ವಾರದ ಎರಡು ಗಂಟೆ. ಆದೇಶ, ಅನುದಾನವನ್ನು ಸರ್ಕಾರದಿಂದ ಹಕ್ಕಿನಿಂದ ಕೇಳೋಣ. ಎರಡು ಗಂಟೆಯನ್ನು ನಾವೇ ಕೊಡಬೇಕು, ದಾನದ ಲೆಕ್ಕಕ್ಕಲ್ಲ, ತಂಡದ ಪಾಲಿನ ಲೆಕ್ಕಕ್ಕೆ.